ಅಣ್ಣನ ಹೋಟೆಲಿನ ಕೆಳಗೆ

ಕೇಸರ್‌ಪುರ, ದೆಹಲಿ ಗಡಿ
೨೦ ಜುಲೈ ೨೦೨೫

ಪ್ರೀತಿಯ ಶಾರದಾ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈ, ಬೈಸಿಕೊಳ್ಳುತ್ತೇನೆ. ಧಾರವಾಡದಲ್ಲಿ ನೀನೂ ನಿಮ್ಮ ಯಜಮಾನರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅವರ ಮೊಣಕಾಲಿನ ಎಣ್ಣೆ ಮುಗಿದಿದ್ದರೆ ತಿಳಿಸು, ಕಳಿಸುತ್ತೇನೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಮಾತು ಬರೆಯಲು ಕೈ ಏಳುತ್ತಿಲ್ಲ. ಗಾಬರಿಯಾಗಬೇಡ, ನಿನ್ನ ಮೊಮ್ಮಗಳು ಅನನ್ಯಾ ಆರೋಗ್ಯವಾಗಿದ್ದಾಳೆ. ಈಗ ನನ್ನ ಮನೆಯಲ್ಲೇ, ಪಕ್ಕದ ಕೋಣೆಯಲ್ಲಿ ಸಿ.ಎ. ಪುಸ್ತಕಗಳನ್ನು ಮಂಚದ ತುಂಬ ಹರಡಿಕೊಂಡು ಕೂತಿದ್ದಾಳೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಈ ಫ್ಲ್ಯಾಟಿನಲ್ಲಿ ನಾನು ಹಲೋ ಎಂದರೆ ಹಾಲಿನಲ್ಲಿ ಕೂತ ಮಗನಿಗೆ ಕೇಳುತ್ತದೆ. ಇದು ಅವನ ಕಿವಿಗೆ ಬೀಳಬಾರದ ಮಾತು.

ಮೊದಲು ಸಂತೋಷದ ಸುದ್ದಿ. ನಮ್ಮ ಕೇಸರ್‌ಪುರದ ನಗರಸಭೆಯವರು ಊರಿಗಾಗಿ ದುಡಿದ ನೌಕರರನ್ನು ಬರುವ ಶುಕ್ರವಾರ ಟೌನ್ ಹಾಲಿನಲ್ಲಿ ಸನ್ಮಾನಿಸುತ್ತಿದ್ದಾರೆ. ಲಸಿಕೆ ಹಾಕುವ ನರ್ಸಮ್ಮ, ಕಂಬ ಹತ್ತುವ ಲೈನ್‌ಮನ್, ನಮ್ಮ ಗಲ್ಲಿ ಗುಡಿಸುವ ಕಮಲೇಶ್ ಎಂಬ ಹೆಂಗಸು, ಮತ್ತೆ ನನ್ನ ಮಗ ತಿಲಕ್. ಅವನು ಕಟ್ಟಡ ವಿಭಾಗದ ಜೂನಿಯರ್ ಎಂಜಿನಿಯರ್ ಎಂಬುದು ನಿನಗೆ ಗೊತ್ತೇ ಇದೆ. ಇಲ್ಲಿನ ಬೇಸ್‌ಮೆಂಟುಗಳಲ್ಲಿ ನಡೆಯುತ್ತಿದ್ದ ಲೈಬ್ರರಿಗಳನ್ನೆಲ್ಲ ಮುಚ್ಚಿಸಿದ್ದಕ್ಕೆ ಅವನಿಗೆ ಈ ಸನ್ಮಾನ. ದೆಹಲಿಯ ಲಕ್ಷ್ಮೀ ನಗರದಲ್ಲಿ ಜಾಗ ಸಾಲದೆ ಕೋಚಿಂಗಿನ ಮಕ್ಕಳು ಈಗ ನಮ್ಮ ಕಡೆಗೂ ತುಂಬಿಕೊಂಡಿದ್ದಾರೆ. ಲೈಬ್ರರಿ ಎಂದರೆ ಪುಸ್ತಕ ಇರುವ ಜಾಗವಲ್ಲ. ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೆ ಫ್ಯಾನು, ಅಷ್ಟೇ. ಬಾಡಿಗೆ ಕೊಟ್ಟು ದಿನವಿಡೀ ಅಲ್ಲಿ ಕೂತು ಓದುತ್ತಾರೆ. ನೆಲದ ಕೆಳಗಿನ ಅಂಥ ಕೋಣೆಗೆ ಮಳೆನೀರು ನುಗ್ಗಿದರೆ ಹೊರಗೆ ಬರಲು ದಾರಿಯಿರುವುದಿಲ್ಲ. ಅದಕ್ಕೇ ಎಲ್ಲವನ್ನೂ ಸೀಲ್ ಮಾಡಬೇಕೆಂದು ಕಳೆದ ವರ್ಷ ಹುಕುಂ ಆಯಿತು. ತಿಲಕ್ ಗಲ್ಲಿ ಗಲ್ಲಿ ತಿರುಗಿ ಬೀಗ ಜಡಿದ. ಬೈಗುಳ ತಿಂದ, ಒಬ್ಬ ಅವನ ಸ್ಕೂಟರಿನ ಗಾಳಿ ಬಿಟ್ಟ. ನನಗೆ ಹೆಮ್ಮೆಯಾಗಿತ್ತು. ಗಂಡನಿಲ್ಲದೆ ಬೆಳೆಸಿದ ಮಗ, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ ಎಂದು.

ಚೌಕದಲ್ಲಿ ಅವನ ಚಿತ್ರದ ದೊಡ್ಡ ಫಲಕ ನಿಲ್ಲಿಸಿದ್ದಾರೆ. ಯಾವುದೋ ಹಳೆಯ ಗುರುತಿನ ಚೀಟಿಯ ಫೋಟೋ, ಗಡ್ಡ ಬೋಳಿಸಿಲ್ಲ, ಕಳ್ಳನ ಹಾಗೆ ಕಾಣುತ್ತಾನೆ. ತರಕಾರಿ ಭಯ್ಯಾ, "ಮಾತಾಜೀ, ಆಪ್ ಕಾ ಬೇಟಾ ತೋ ನೇತಾ ಬನ್ ಗಯಾ!" ಎಂದ. "ನೇತಾ ನಹೀಂ, ಇಂಜಿನಿಯರ್. ಟೊಮೆಟೋ ಠೀಕ್ ಸೇ ತೋಲೋ," ಎಂದು ಅವನ ತಕ್ಕಡಿಯ ಮೇಲೇ ಕಣ್ಣಿಟ್ಟೆ. ಸೊಸೆ ಪ್ರಣೀತಾಳಿಗೆ ಸೀರೆಯದೇ ಚಿಂತೆ. "ಅತ್ತೆ, ನೀವು ಮೆರೂನ್ ಉಡಿ, ಸ್ಟೇಜ್ ಲೈಟಿಗೆ ಅಚ್ಛಾ ಕಾಣುತ್ತೆ" ಎಂದು ದಿನಕ್ಕೊಂದು ಸಲ ಹೇಳುತ್ತಾಳೆ. ಸ್ಟೇಜಿಗೆ ಹತ್ತುವವನು ನನ್ನ ಮಗ, ನಾನಲ್ಲ ಎಂದರೂ ಕೇಳುವುದಿಲ್ಲ.

ಇಷ್ಟೇ ಬರೆದು ಲಕೋಟೆ ಅಂಟಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಮೊನ್ನೆ ಗುರುವಾರ ಮಧ್ಯಾಹ್ನ ಬಿರುಮಳೆ. ಸಂಜೆ ಅನನ್ಯಾ ಊಟಕ್ಕೆ ಬಂದಳು. ಸಲ್ವಾರು ಮೊಣಕಾಲಿನವರೆಗೆ ಒದ್ದೆ, ಮೈಗೆ ಚರಂಡಿಯ ವಾಸನೆ. ರಸ್ತೆಯಲ್ಲಿ ಬಿದ್ದೆಯೇನೇ ಎಂದು ಗದರಿದೆ.

"ಇಲ್ಲಜ್ಜಿ, ಲೈಬ್ರರಿಯೊಳಗ ನೀರು ಬಂದಿತ್ತು. ಭಾಳ ಏನಿಲ್ಲ, ಕಾಲು ಮ್ಯಾಲಿಟ್ಕೊಂಡು ಓದಿದ್ವಿ."

"ಲೈಬ್ರರಿಯೊಳಗೆ ನೀರು ಹೇಗೆ ಬರುತ್ತದೆ? ಅದು ಮಹಡಿಯ ಮೇಲಲ್ಲವಾ?"

"ಮ್ಯಾಲೆ ಎಲ್ಲೈತ್ರಿ? ಸಂಕಪ್ಪಜ್ಜಾರ ಹೋಟೆಲ್ ಕೆಳಗ. ನೀವ ಕೇಳಿ ಕೊಡಿಸಿದ ಜಾಗಾ ಅಲ್ರಿ?"

ಶಾರದಾ, ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಗೆ ಬಿತ್ತು. ಸಂಕಪ್ಪಣ್ಣ ನನ್ನ ಸ್ವಂತ ಅಣ್ಣ. ನಮ್ಮ ಶಾರದಾಳ ಮೊಮ್ಮಗಳು ಬಂದಿದ್ದಾಳೆ, ಓದಲಿಕ್ಕೆ ಒಂದು ಜಾಗ ನೋಡು ಎಂದು ಅವನಿಗೆ ಹೇಳಿದವಳು ನಾನು. ಹೋಟೆಲಿನ ಮೇಲಿನ ಮಹಡಿಯಲ್ಲಿ ಎಲ್ಲೋ ಕೂರಿಸಿರಬೇಕು ಎಂದುಕೊಂಡಿದ್ದೆ. ಬೇಸ್‌ಮೆಂಟು ಊರಿನ ಎಲ್ಲದರ ಜೊತೆಗೆ ಮುಚ್ಚಿತೆಂದೇ ತಿಳಿದಿದ್ದೆ.

ಮರುದಿನ ಬೆಳಿಗ್ಗೆ ಸಾಂಬಾರ್ ಪುಡಿಗೆ ಮೆಣಸು ಹುರಿಸುವ ನೆಪದಲ್ಲಿ ಅಣ್ಣನ ಹೋಟೆಲಿಗೆ ಹೋದೆ, ಅಲ್ಲಿನ ಮಸಾಲೆಯೆಲ್ಲ ನನ್ನ ಕೈಯದೇ. ಬೀದಿಗೆ ಕಾಣುವ ಶಟರ್ ಎಳೆದು ಬೀಗ ಹಾಕಿ 'ಗೋದಾಮು' ಎಂದು ಬರೆಸಿದ್ದಾನೆ. ಮಕ್ಕಳು ಹಿಂದಿನ ಗಲ್ಲಿಯಿಂದ ಬರುತ್ತಾರೆ. ಅಡುಗೆಮನೆಯೊಳಗೆ ನುಗ್ಗಿ, ಗ್ಯಾಸ್ ಸಿಲಿಂಡರುಗಳ ಸಾಲು ದಾಟಿ, ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರಿನ ಪಕ್ಕದ ಕಿರುಬಾಗಿಲಲ್ಲಿ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಬರಲಿಕ್ಕೂ ಅದೇ, ಹೋಗಲಿಕ್ಕೂ ಅದೇ. ಎದುರು ಬಂದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ನಾನು ಇಳಿದು ನೋಡಿದೆ. ಮೇಜಿಗೆ ಮೇಜು ತಾಗಿಸಿ ಕೂರಿಸಿದ್ದಾನೆ. ಗೋಡೆಯಲ್ಲಿ ಹಿಂದಿನ ದಿನದ ನೀರಿನ ಗೆರೆ ಇನ್ನೂ ಹಸಿ. ಅಷ್ಟು ಮಕ್ಕಳಿದ್ದೂ ಸದ್ದಿಲ್ಲ. ನಾನು ಸುಲಭಕ್ಕೆ ಹೆದರುವವಳಲ್ಲ ಎಂಬುದು ನಿನಗೆ ಗೊತ್ತು. ಹತ್ತಿ ಬರುವಾಗ ಗೋಡೆ ಹಿಡಿದುಕೊಂಡೇ ಬಂದೆ.

ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. "ಇದೆಂತದು ಅಣ್ಣ?" ಎಂದೆ.

"ಎಂತದು ಅಂದ್ರೆ? ಮಕ್ಕಳು ಓದ್ತಾರೆ."

"ನೀರು ಬಂದ್ರೆ?"

"ಬಂದದ್ದು ಇಳಿಯುದಿಲ್ವಾ? ನೀಲು, ಆ ಮಕ್ಕಳು ಒಂದು ರೂಮಿನಲ್ಲಿ ನಾಲ್ಕು ಜನ ಮಲಗುದು. ಮೇಜು ಎಲ್ಲಿದೆ ಅವರಿಗೆ? ನಾನು ಓಡಿಸಿದ್ರೆ ರಸ್ತೆಯಲ್ಲಿ ಕೂತು ಓದಬೇಕಾ?"

"ತಿಲಕನಿಗೆ ಗೊತ್ತುಂಟಾ?"

"ಗೋದಾಮು ಅಂತ ಹೇಳಿದೆ. ಅವನು ಹೌದು ಮಾವ ಅಂದ. ಮಾವ ಹೇಳಿದ ಮೇಲೆ ಇಳಿದು ನೋಡ್ಲಿಕ್ಕೆ ಅವನೇನು ಪೊಲೀಸನಾ?"

ನಮ್ಮ ತುಳುನಾಡಿನ ಮನೆಗಳಲ್ಲಿ ಮಾವ ಎಂದರೆ ನಿಮ್ಮಲ್ಲಿದ್ದಂತೆ ಬರೀ ಅಮ್ಮನ ಅಣ್ಣನಲ್ಲ, ಮನೆಯ ಯಜಮಾನ. ಅವನು ಇಂಥದ್ದು ಎಂದರೆ ಅಳಿಯ ಹೋಗಿ ಮುಟ್ಟಿ ನೋಡುವುದಿಲ್ಲ. ನೋಡಿದರೆ ಅದು ಮಾವನ ಮುಖಕ್ಕೆ ಹೊಡೆದ ಹಾಗೆ. ತಿಲಕ್ ದೆಹಲಿಯಲ್ಲಿ ಬೆಳೆದರೂ ಈ ಒಂದು ಪಾಠ ಅವನಿಗೆ ನಾನೇ ಕಲಿಸಿದ್ದು. ಇವನ ಅಪ್ಪ ಹೋದಾಗ ಊರಿಂದ ನಮ್ಮನ್ನು ಕರೆತಂದವನು, ಈ ಹೋಟೆಲಿನ ಬೆಂಚಿನ ಮೇಲೆ ಕೂರಿಸಿ ಅಕ್ಷರ ತಿದ್ದಿಸಿದವನು ಆ ಮಾವ.

ಊರಿಗೆಲ್ಲ ಬುದ್ಧಿ ಹೇಳುವ ನಾನು ಅಣ್ಣನಿಗೆ ಇದನ್ನು ಮುಚ್ಚು ಎನ್ನಲಿಲ್ಲ, ಶಾರದಾ. ಕೊನೆಗೆ, "ಶುಕ್ರವಾರದ ಮಟ್ಟಿಗಾದರೂ ತೆರೆಯಬೇಡ. ಆ ದಿನ ಇವನನ್ನು ಊರೆಲ್ಲ ನೋಡುತ್ತದೆ," ಎಂದೆ. "ಆಯ್ತು ಮಾರಾಯ್ತಿ," ಎಂದ. ಅನನ್ಯಾಳಿಗೆ ಅಲ್ಲಿ ಕಾಲಿಡಬೇಡ ಎಂದು ಹೇಳಿ ನನ್ನ ಮನೆಗೇ ಕರೆದುಕೊಂಡು ಬಂದೆ. ನಿನ್ನ ಮೊಮ್ಮಗಳನ್ನು ನಾನು ಎತ್ತಿಕೊಂಡು ಬಂದೆ. ಉಳಿದವರ ಅಜ್ಜಿಯರು ಎಲ್ಲೆಲ್ಲಿದ್ದಾರೋ.

ತಿಲಕನಿಗೆ ಹೇಳಿದರೆ ಮಾವನ ಬಾಗಿಲಿಗೆ ಸೀಲ್ ಹಾಕಬೇಕು, ಇಲ್ಲವೇ ಗೊತ್ತಿದ್ದೂ ಹಾರ ಹಾಕಿಸಿಕೊಳ್ಳಬೇಕು. ಹೇಳದಿದ್ದರೆ ಆಕಾಶ ನೋಡುತ್ತ ಕೂರಬೇಕು. ಈಗ ಒಂದು ಮೋಡ ಕಂಡರೂ ಎದ್ದು ಕಿಟಕಿಗೆ ಹೋಗುತ್ತೇನೆ. ಶುಕ್ರವಾರ ಕಳೆದುಬಿಡಲಿ, ಆಮೇಲೆ ಅಣ್ಣನನ್ನು ಹೇಗಾದರೂ ಒಪ್ಪಿಸುತ್ತೇನೆ. ನಿನ್ನ ದೇವರ ಮುಂದೆ ನನಗಾಗಿಯೂ ಒಂದು ದೀಪ ಹಚ್ಚು.

ನಿನ್ನ
ನೀಲಾವತಿ


ಕೇಸರ್‌ಪುರ
೨೭ ಜುಲೈ ೨೦೨೫

ಪ್ರೀತಿಯ ಶಾರದಾ,

ಹಿಂದಿನ ಕಾಗದ ನಿನ್ನ ಕೈ ಸೇರಿತೋ ಇಲ್ಲವೋ ತಿಳಿಯದೆ ಇದನ್ನೂ ಬರೆಯುತ್ತಿದ್ದೇನೆ. ಎರಡೂ ಒಟ್ಟಿಗೆ ಬಂದರೆ ತಾರೀಖು ನೋಡಿ ಓದು. ಅನನ್ಯಾ ನಿನಗೆ ಫೋನಿನಲ್ಲಿ ಅರ್ಧ ಹೇಳಿರಬೇಕು. ಪೂರ್ತಿ ನಾನು ಹೇಳುತ್ತೇನೆ.

ಶುಕ್ರವಾರ ಮಧ್ಯಾಹ್ನ ನಾವೆಲ್ಲ ಟೌನ್ ಹಾಲಿಗೆ ಹೋದೆವು. ನಾನು ಮೆರೂನ್ ಸೀರೆಯನ್ನೇ ಉಟ್ಟಿದ್ದೆ. ಮುಂದಿನ ಸಾಲಿನಲ್ಲಿ ನನ್ನ ಬಲಕ್ಕೆ ಸಂಕಪ್ಪಣ್ಣ, ಬಿಳಿ ಪಂಚೆ, ಜರಿ ಶಲ್ಯ, ಮದುಮಗನ ಅಪ್ಪನ ಹಾಗೆ. ಎಡಕ್ಕೆ ಪ್ರಣೀತಾ, ಅವಳಾಚೆ ಅನನ್ಯಾ. ವೇದಿಕೆಯ ಮೇಲೆ ತಿಲಕ್ ಕೈಕಟ್ಟಿ ಕೂತಿದ್ದ. ಮೊದಲು ನರ್ಸಮ್ಮನಿಗೆ ಶಾಲು ಹೊದಿಸಿದರು. ಆಮೇಲೆ ಕಮಲೇಶ್. ಅವಳು ಹೂವಿನ ಹಾರ ಹಾಕಿಸಿಕೊಂಡು ಎಲ್ಲರಿಗೂ ಕೈಮುಗಿದು ಅಧ್ಯಕ್ಷರ ಕುರ್ಚಿಯ ಮೇಲೇ ಕೂತುಬಿಟ್ಟಳು. ಹಾಲೆಲ್ಲ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಚಾವಣಿಯ ತಗಡಿನ ಮೇಲೆ ಮಳೆ ಹೊಯ್ಯಲು ತೊಡಗಿತು. ಮೈಕಿನ ಮಾತು ಕೇಳದಷ್ಟು ಸದ್ದು. ಇವತ್ತು ಬಾಗಿಲು ಹಾಕಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಅನನ್ಯಾ ಬಗ್ಗಿ ಪ್ರಣೀತಾಳ ಮಡಿಲ ಮೇಲಿಂದ ಫೋನು ತೋರಿಸಿದಳು. "ಅಜ್ಜಿ, ನಮ್ಮ ಹುಡುಗ್ಯಾರು ಕೆಳಗ ಅದಾರ್ರಿ. ನೀರು ಬರಾಕತ್ತೈತಂತ."

ನಾನು ಅಣ್ಣನ ಕಡೆ ತಿರುಗಿದೆ. "ತೆರೆದಿದ್ದೀಯಾ?"

ಅವನು ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ. "ಪರೀಕ್ಷೆ ಹತ್ತಿರ ಅಂತ ಅತ್ತರು. ಎಂತ ಮಾಡುದು? ಕೂತ್ಕೋ, ಈಗ ಇವನ ಹೆಸರು ಕರೀತಾರೆ."

ನಾನು ಎದ್ದೆ. ಪ್ರಣೀತಾ ಸೆರಗು ಹಿಡಿದಳು. "ಅತ್ತೆ, ಅಭೀ? ಇವರ ಟರ್ನ್ ಬಂತು!" ಅಣ್ಣ ಹಲ್ಲು ಕಚ್ಚಿ, "ನೀಲು, ನಿನಗೆ ಮರುಳಾ? ಮಗನ ಮರ್ಯಾದೆ ತೆಗೀತೀಯಾ?" ಎಂದ. ಹಿಂದಿನಿಂದ ತಿಲಕನ ಹೆಸರು ಕೂಗಿದ್ದು, ಚಪ್ಪಾಳೆ ಬಿದ್ದದ್ದು ಬಾಗಿಲ ಹೊರಗೆ ನಿಂತು ಕೇಳಿದೆ. ಅವನಿಗೆ ಶಾಲು ಹೊದಿಸಿದ್ದನ್ನು ನಾನು ನೋಡಲೇ ಇಲ್ಲ.

ಅನನ್ಯಾ ನನ್ನ ಹಿಂದೆಯೇ ಓಡಿಬಂದಳು. ಇ-ರಿಕ್ಷಾದವನು ಚೌಕದಲ್ಲೇ ನಿಲ್ಲಿಸಿ, "ಆಗೇ ನಹೀಂ ಜಾಯೇಗಾ ಅಮ್ಮಾಜೀ, ಮೋಟರ್ ಡೂಬ್ ಜಾಯೇಗಾ," ಎಂದ. ಮುಂದೆ ಹೋದರೆ ಮೋಟರು ಮುಳುಗುತ್ತದಂತೆ. ಅಲ್ಲಿಂದ ಮೊಣಕಾಲು ನೀರಿನಲ್ಲಿ ಅವಳ ಭುಜ ಹಿಡಿದು ನಡೆದೆ. ಚಪ್ಪಲಿ ಎಲ್ಲಿ ಹೋಯಿತೋ. ಹೋಟೆಲಿನಲ್ಲಿ ಅಡುಗೆಯ ಏಕನಾಥ ಮುಂಬಾಗಿಲಿಗೆ ಅಕ್ಕಿಮೂಟೆ ಅಡ್ಡ ಇಡುತ್ತಿದ್ದ. ಕೆಳಗಿನ ಮಕ್ಕಳ ನೆನಪೇ ಅವನಿಗಿರಲಿಲ್ಲ. ಕಿರುಬಾಗಿಲಲ್ಲಿ ಬಗ್ಗಿ ನೋಡಿದೆ. ಕೊನೆಯ ಮೆಟ್ಟಿಲುಗಳು ಆಗಲೇ ನೀರಿನೊಳಗಿದ್ದವು. ದೀಪ ಉರಿಯುತ್ತಿತ್ತು. ಆ ಮಕ್ಕಳು ಚೀಲಗಳನ್ನು ಮೇಜಿನ ಮೇಲೆ ಏರಿಸಿ, ಕಾಲು ಮಡಚಿ ಕುರ್ಚಿಯ ಮೇಲೆ ಕೂತು, ಕಿವಿಗೆ ವಯರು ಸಿಕ್ಕಿಸಿಕೊಂಡು ಓದುತ್ತಿದ್ದರು! ಓದುತ್ತಿದ್ದರು, ಶಾರದಾ. ನೀರು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

"ಉಠೋ! ಊಪರ್ ಆವೋ!" ಎಂದು ಕಿರುಚಿದೆ.

ಒಬ್ಬ ಹುಡುಗ ತಲೆಯೆತ್ತಿ, "ಆಂಟೀಜೀ, ಥೋಡೀ ದೇರ್ ಮೇ ಉತರ್ ಜಾತಾ ಹೈ. ಟೆನ್ಷನ್ ಮತ್ ಲೋ," ಎಂದ. ಸ್ವಲ್ಪ ಹೊತ್ತಿಗೆ ನೀರು ತಾನೇ ಇಳಿಯುತ್ತದಂತೆ!

ಫ್ಯಾನಿನ ವಯರುಗಳು ಗೋಡೆಯುದ್ದಕ್ಕೂ ಕೆಳಗಿನವರೆಗೆ ಇಳಿದಿದ್ದವು. ನೀರು ಅವಕ್ಕೆ ಮುಟ್ಟಲು ಒಂದು ಗೇಣು ಇತ್ತೋ ಇಲ್ಲವೋ. ಸ್ವಿಚ್ ಎಲ್ಲಿದೆ ಎಂದು ಏಕನಾಥನಿಗೆ ಕೂಗಿದೆ. "ಗೊತ್ತಿಲ್ಲಮ್ಮ, ಅದನ್ನು ಸಾಹುಕಾರರು ಯಾರಿಗೂ ತೋರ್ಸುದಿಲ್ಲ," ಎಂದ. ಬಾಗಿಲ ಪಕ್ಕ, ಕಂಬದ ಹಿಂದೆ ತಡಕಾಡಿದೆ, ಸಿಗಲಿಲ್ಲ. ಆಗ ನಾನು, "ಮೈ ಮಾಲಿಕ್ ಕೀ ಬಹನ್ ಹೂಂ. ಆಜ್ ಸೇ ಯೇ ಬಂದ್ ಹೈ. ಜೋ ನಹೀಂ ಉಠೇಗಾ ಉಸ್ಕೋ ಮೈ ಬಾಲ್ ಪಕಡ್ ಕೇ ನಿಕಾಲೂಂಗೀ!" ಎಂದು ಕೂಗಿದೆ. ಮಾಲೀಕನ ತಂಗಿ ಇದನ್ನು ಮುಚ್ಚಿದ್ದಾಳೆ, ಏಳದವರನ್ನು ಕೂದಲು ಹಿಡಿದು ಎಳೆಯುತ್ತಾಳೆ ಎಂಬ ಆ ಕೂಗಿಗೆ ಮಕ್ಕಳು ಏಳತೊಡಗಿದರು. ಏಳುತ್ತಿದ್ದಂತೆ ಬೀದಿಯ ಕಡೆಯ ಶಟರ್ ಒಳಕ್ಕೆ ಬಾಗಿತು. ಅದರ ಕೆಳಗಿನಿಂದ ನೀರು ಹಲಗೆಯಂತೆ ನುಗ್ಗಿತು. ಆಗ ಹೆದರಿದರು. ಆ ಇಕ್ಕಟ್ಟು ಮೆಟ್ಟಿಲಲ್ಲಿ ಎಲ್ಲರೂ ಒಟ್ಟಿಗೆ ಬಂದರು. ನಾನು ಬಾಗಿಲಲ್ಲಿ ನಿಂತು ಕೈಗೆ ಸಿಕ್ಕಿದವರನ್ನು, ಜಡೆ, ಚೀಲ, ಅಂಗಿ, ಸಿಕ್ಕಿದ್ದನ್ನು ಹಿಡಿದು ಎಳೆದೆ.

ಒಬ್ಬಳು ನೋಟ್ಸು ಬಿಟ್ಟೆನೆಂದು ತಿರುಗಿ ಇಳಿದಳು. ಅವಳನ್ನು ತರಲು ಅನನ್ಯಾ ನನ್ನ ಕಂಕುಳ ಕೆಳಗೆ ನುಸುಳಿ ಇಳಿದಳು. ಅವಳು ಕಣ್ಮರೆಯಾದ ಹೊತ್ತು ಎಷ್ಟು ಎಂದು ನನಗೆ ಗೊತ್ತಿಲ್ಲ. ನಿನಗೆ ಏನೆಂದು ಬರೆಯಲಿ ಎಂಬುದೊಂದೇ ತಲೆಯಲ್ಲಿತ್ತು. ದೇವರ ಹೆಸರೂ ಬಾಯಿಗೆ ಬರಲಿಲ್ಲ. ಇಬ್ಬರೂ ಸೊಂಟದವರೆಗೆ ನೆನೆದು, ಒಬ್ಬರ ಕೈ ಒಬ್ಬರು ಹಿಡಿದು ಬಂದರು. ನಾನು ಅನನ್ಯಾಳ ಕೆನ್ನೆಗೆ ಒಂದು ಬಾರಿಸಿದೆ. ಕ್ಷಮಿಸು. ಆಮೇಲೆ ಅಪ್ಪಿಕೊಂಡೆ. ಅವಳು ನಿನಗೆ ಅಪ್ಪಿಕೊಂಡದ್ದನ್ನು ಮಾತ್ರ ಹೇಳಿರಬಹುದು, ಅಷ್ಟು ಒಳ್ಳೆಯ ಹುಡುಗಿ.

ಎಲ್ಲರೂ ಬದುಕಿದರು. ಅದನ್ನು ದೊಡ್ಡದಾಗಿ ಬರೆಯಬೇಕು. ಎಲ್ಲರೂ ಬದುಕಿದರು.

ಮಳೆ ಇಳಿದ ಮೇಲೆ ತಿಲಕ್ ಬಂದ. ಹೆಗಲ ಮೇಲೆ ಶಾಲು ಹಾಗೇ ಇತ್ತು. ಹಿಂದೆ ಅಣ್ಣ, ಪ್ರಣೀತಾ. ಅಡುಗೆಮನೆಯ ತುಂಬ ನೆನೆದ ಮಕ್ಕಳು, ಏಕನಾಥ ಎಲ್ಲರಿಗೂ ಬಿಸಿ ಕಾಫಿ ಕೊಡುತ್ತಿದ್ದ. "ಇಳಿದು ನೋಡು," ಎಂದೆ. ಅಣ್ಣ, "ಎಂತದೂ ಆಗಲಿಲ್ಲವಲ್ಲ!" ಎಂದ. ತಿಲಕ್ ಇಳಿದ, ಬಂದ. ಮರುದಿನ ಬೆಳಿಗ್ಗೆ ನೌಕರರನ್ನು ಕರೆದುಕೊಂಡು ಹೋಗಿ ಆ ಬಾಗಿಲಿಗೆ ಅವನೇ ಸೀಲ್ ಹಾಕಿದ. ಅಣ್ಣ ಬೀದಿಯಲ್ಲಿ ನಿಂತು, "ಹಾಕು ಅಳಿಯ, ಹಾಕು! ನೀನು ಅನ್ನ ಉಂಡ ಬಾಗಿಲಿಗೇ ಹಾಕು!" ಎಂದನಂತೆ. ಇನ್ನು ಮಸಾಲೆಗೆ ನೀಲು ಬರುವುದು ಬೇಡ ಎಂದು ಏಕನಾಥನ ಕೈಯಲ್ಲಿ ನನಗೆ ಹೇಳಿಕಳಿಸಿದ. ನನ್ನ ಪಾಲಿಗೆ ಅಣ್ಣ ಇಲ್ಲವಾದ, ಶಾರದಾ. ಅದನ್ನು ನುಂಗಿಕೊಂಡಿದ್ದೇನೆ.

ಊರಲ್ಲಿ ಈಗ ತಿಲಕನ ಹೆಸರು ಇನ್ನೂ ಮೇಲೇರಿದೆ. ಸ್ವಂತ ಮಾವನನ್ನೂ ಬಿಡದ ಅಧಿಕಾರಿ ಎಂದು ಅಧ್ಯಕ್ಷರು ಹೊಗಳಿದರಂತೆ. ಪ್ರಣೀತಾಳ ಫೋನಿನಲ್ಲಿ ಅದೇ ಸುದ್ದಿ ಸುತ್ತುತ್ತಿದೆ. ಚೌಕದ ಫಲಕಕ್ಕೆ ಯಾರೋ ಚೆಂಡುಹೂವಿನ ಹಾರ ಹಾಕಿದ್ದಾರೆ.

ಅನನ್ಯಾ ಪರೀಕ್ಷೆ ಮುಗಿಯುವವರೆಗೆ ನನ್ನ ಕೋಣೆಯಲ್ಲೇ ಇರಲಿ. ಅವಳ ಊಟ, ನಿದ್ದೆ ನನ್ನ ಹೊಣೆ. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ದೇವರು ನಿಮ್ಮ ಮನೆಯ ದೀಪವನ್ನು ಕಾಯಲಿ, ನಿಮ್ಮ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದರೂ ಒಣನೆಲದ ಮೇಲೆ ಇರಲಿ.

ನಿನ್ನ
ನೀಲಾವತಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಇಳಿದು ನೋಡು ಎಂದೆನಲ್ಲ, ತಿಲಕ್ ನೇರ ಇಳಿಯಲಿಲ್ಲ. ಯಾರನ್ನೂ ಕೇಳದೆ ಗ್ರೈಂಡರಿನ ಹಿಂದೆ ಕೈ ಹಾಕಿ ಸ್ವಿಚ್ ಆರಿಸಿದ. ಮೈಯೆಲ್ಲ ಕಣ್ಣಾಗಿ ನಾನು ಹುಡುಕಿ ಸಿಗದ ಸ್ವಿಚ್, ಏಕನಾಥನಿಗೂ ಗೊತ್ತಿಲ್ಲದ್ದು. ಅವನ ಕೈ ನೋಡದೆಯೇ ಅಲ್ಲಿಗೆ ಹೋಯಿತು. ಮನೆಗೆ ಬಂದ ಮೇಲೆ ಕೇಳಿದೆ, "ನೀನು ಮೊದಲೇ ಇಳಿದಿದ್ದಿಯಾ?"

"ಇಳಿದಿದ್ದೆ ಅಮ್ಮ. ನಾನು ನೋಡಿದ್ದು ಮಾವನಿಗೂ ಗೊತ್ತುಂಟು. ನಿನಗೆ ಹೇಳಬೇಡ ಅಂದ್ರು."

"ಮತ್ತೆ?"

ಹೆಗಲ ಮೇಲಿನ ಶಾಲು ತೆಗೆದು ಮಡಚತೊಡಗಿದ. "ಮಾವನದ್ದು ಒಂದು ಬಿಟ್ಟೆ. ಅದು ಉಳಿದ ಬೇಸ್‌ಮೆಂಟಿನವರಿಗೆ ಗೊತ್ತಾಯ್ತು. ಆಮೇಲೆ ಅವರಿಗೆ ಇಲ್ಲ ಅಂತ ಹೇಗೆ ಹೇಳುದು?"

ಎಷ್ಟು, ಯಾವ ಗಲ್ಲಿಯಲ್ಲಿ ಎಂದು ಕೇಳಿದೆ. ಬೈದೆ, ಅತ್ತು ಅವನ ಅಪ್ಪನ ಆಣೆ ಹಾಕಿದೆ. ಹೇಳಿದರೆ ಕೆಲಸ ಹೋಗುತ್ತದೆ, ಮೆಲ್ಲಗೆ ಒಂದೊಂದಾಗಿ ಮುಚ್ಚಿಸುತ್ತೇನೆ ಎನ್ನುತ್ತಾನೆ. ಮೆಲ್ಲಗೆ! ಹೊರಗೆ ಮತ್ತೆ ಮೋಡ ಕವಿದಿದೆ. ನಾಳೆ ಬೆಳಿಗ್ಗೆ ಕೊಡೆ ಹಿಡಿದು ನಾನೇ ಹೊರಡುತ್ತೇನೆ. ಪುಸ್ತಕದ ಚೀಲ ಹೊತ್ತ ಮಕ್ಕಳ ಹಿಂದೆ ಹಿಂದೆಯೇ ನಡೆದು, ಯಾವ ಬಾಗಿಲಲ್ಲಿ ಇಳಿಯುತ್ತಾರೋ ನೋಡಬೇಕು.